ಮನೆಗೆ ಎಷ್ಟು ಸ್ಮಾರ್ಟ್ ಸಾಕು? ಕಲಬುರಗಿ ಕಡೆಯ ಮನೆಗಳಿಗೆ ಒಂದು ಮಾರ್ಗದರ್ಶಿ

ಕಲಬುರಗಿಯ ರಿಂಗ್ ರೋಡ್ ಆಚೆ ಹೊಸ ಮನೆ ಕಟ್ಟಿಸುವವರನ್ನು ಈಗ ಗೌಂಡಿ, ಪ್ಲಂಬರ್ ಅಲ್ಲದೆ ಇನ್ನೊಬ್ಬರೂ ಬಂದು ಭೇಟಿಯಾಗುತ್ತಾರೆ. ಸ್ಮಾರ್ಟ್ ಸ್ವಿಚ್, ಕ್ಯಾಮೆರಾ, ಬೆರಳಚ್ಚಿನ ಬೀಗ, ಫೋನಿನಿಂದ ಚಾಲೂ ಆಗುವ ಎಸಿ, ಎಲ್ಲ ಸೇರಿಸಿ ಒಂದು ಪ್ಯಾಕೇಜ್ ರೇಟ್ ಹೇಳುತ್ತಾರೆ. ಹಳೆ ಮನೆಯವರಿಗೆ ಒತ್ತಾಯ ಬೇರೆ ಕಡೆಯಿಂದ ಬರುತ್ತದೆ. ಹೈದರಾಬಾದ್‌ನಲ್ಲೋ ಪುಣೆಯಲ್ಲೋ ಕೆಲಸಕ್ಕಿರುವ ಮಗ ದೀಪಾವಳಿಗೆ ಬಂದವನು ಎರಡು ಕ್ಯಾಮೆರಾ, ಒಂದು ಸ್ಪೀಕರ್ ಹಚ್ಚಿ ಹೋಗುತ್ತಾನೆ. ಇವುಗಳಲ್ಲಿ ಎಷ್ಟು ಬೇಕು, ಎಷ್ಟು ಸಾಕು ಅಂತ ಕೂತು ಲೆಕ್ಕ ಹಾಕಿದ ಮನೆಗಳು ಕಡಿಮೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಮನೆ ನಡೆಸುವವರಿಗೆ ದೊಡ್ಡ ತಲೆನೋವು ನಾಲ್ಕು: ನೀರು, ಬಿಸಿಲು, ಕರೆಂಟು, ಮತ್ತು ಒಂಟಿಯಾಗಿ ಉಳಿದ ಹಿರಿಯರು. ಈ ನಾಲ್ಕರಲ್ಲಿ ಯಾವುದನ್ನಾದರೂ ಹಗುರ ಮಾಡುವ ಸಾಧನಕ್ಕೆ ದುಡ್ಡು ಹಾಕಿ. ಉಳಿದದ್ದಕ್ಕೆ ಅವಸರ ಬೇಡ. ಜೊತೆಗೆ ಒಂದು ಷರತ್ತು. ಕರೆಂಟು, ನೆಟ್ಟು ಎರಡೂ ಇಲ್ಲದ ಹೊತ್ತಿನಲ್ಲಿ ಬಾಗಿಲು ತೆರೆಯಬೇಕು, ಮೋಟರ್ ಬಂದ್ ಮಾಡಲು ಬರಬೇಕು, ದೀಪ ಹಚ್ಚಲು ಬರಬೇಕು. ಕೈಯಿಂದ ನಡೆಯದ ಸಾಧನ ಎಷ್ಟೇ ಚೆಂದ ಇದ್ದರೂ ನಮ್ಮೂರಿಗೆ ಹೊಂದುವುದಿಲ್ಲ.

ಮೊದಲ ಹಂತ: ಅಂಗಡಿಗೆ ಹೋಗುವ ಮೊದಲು ಬರೆದಿಡಿ

ಒಂದು ವಾರ ಒಂದು ಹಾಳೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ. ಮನೆಯಲ್ಲಿ ಯಾರಿಗೆ ಯಾವ ಕೆಲಸ ಬೇಸರ ತಂದಿತೋ ಅದನ್ನು ಬರೆಯಲಿ. ಟಾಕಿ ತುಂಬಿ ಮಾಳಿಗೆ ಮೇಲೆಲ್ಲ ನೀರು ಹರಿಯಿತು. ರಾತ್ರಿ ನಳ ಬಂದದ್ದು ಗೊತ್ತೇ ಆಗಲಿಲ್ಲ. ಗೀಸರ್ ಹಚ್ಚಿದ್ದು ಮರೆತು ಆಫೀಸಿಗೆ ಹೋದೆವು. ಆಯಿ ರಾತ್ರಿ ಬಚ್ಚಲಿಗೆ ಹೋಗುವಾಗ ಕತ್ತಲಲ್ಲಿ ಎಡವಿದರು. ಹೀಗೆ.

ಮನೆಯಲ್ಲಿ ಹೆಚ್ಚು ಹೊತ್ತು ಇರುವವರ ಮಾತಿಗೆ ಹೆಚ್ಚು ಬೆಲೆ ಕೊಡಿ. ಸಾಮಾನ್ಯವಾಗಿ ಸಾಧನ ಕೊಳ್ಳುವವರು ಒಬ್ಬರು, ದಿನಾ ಅದರ ಜೊತೆ ಏಗುವವರು ಇನ್ನೊಬ್ಬರು. ಮಧ್ಯಾಹ್ನ ಮನೆಯಲ್ಲಿರುವ ಅವ್ವನಿಗೆ ಆ್ಯಪ್ ತೆರೆಯಲು ಬಾರದಿದ್ದರೆ ಆ್ಯಪ್‌ನಲ್ಲಿ ಮಾತ್ರ ನಡೆಯುವ ಫ್ಯಾನ್ ಅವರಿಗೆ ಶಿಕ್ಷೆಯೇ ಸರಿ.

ವಾರದ ಕೊನೆಗೆ ಆ ಹಾಳೆಯಲ್ಲಿ ಹೆಚ್ಚು ಸಲ ಕಾಣುವ ಎರಡು ಅಥವಾ ಮೂರು ತೊಂದರೆ ಆರಿಸಿ. ನಿಮ್ಮ ಖರೀದಿ ಪಟ್ಟಿ ಅಷ್ಟೇ. ಹಾಳೆಯಲ್ಲಿ ಇಲ್ಲದ್ದನ್ನು ಯಾರಾದರೂ ಮಾರಲು ಬಂದರೆ "ಸದ್ಯಕ್ಕ ಬ್ಯಾಡ್ರಿ" ಅನ್ನಿ.

ಎರಡನೇ ಹಂತ: ಮನೆಯ ವೈರಿಂಗ್ ತಾಳುತ್ತದಾ ನೋಡಿ

ಇದನ್ನು ಬಿಟ್ಟು ಮುಂದೆ ಹೋದವರ ಸಾಧನಗಳೇ ಜಾಸ್ತಿ ಸುಡುವುದು. ನಂಬಿಕೆಯ ಎಲೆಕ್ಟ್ರಿಷಿಯನ್ ಕರೆಸಿ ನಾಲ್ಕು ವಿಷಯ ಕೇಳಿ.

ಮೊದಲನೆಯದು ಅರ್ಥಿಂಗ್. ನಮ್ಮದು ಎರೆಭೂಮಿ. ಮಳೆಗಾಲದಲ್ಲಿ ತೇವ ಹಿಡಿದಿರುವ ಮಣ್ಣು ಏಪ್ರಿಲ್, ಮೇನಲ್ಲಿ ಒಣಗಿ ಬಿರುಕು ಬಿಡುತ್ತದೆ. ಆಗ ಅರ್ಥಿಂಗ್ ಗುಂಡಿಯ ಸುತ್ತ ತೇವ ಇಲ್ಲದೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ಒಂದೆರಡು ಕೊಡ ನೀರು ಹಾಕಿ. ಖರ್ಚಿಲ್ಲದ ಕೆಲಸ, ಆದರೆ ಬಹಳ ಮನೆಗಳಲ್ಲಿ ಗುಂಡಿ ಎಲ್ಲಿದೆ ಅನ್ನೋದೇ ಮರೆತುಹೋಗಿರುತ್ತದೆ.

ಎರಡನೆಯದು, ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದೆಯಾ ಅನ್ನೋದು. ಶಾಕ್ ಹೊಡೆದಾಗ ಜೀವ ಉಳಿಸುವ ಸಾಧನ ಅದು. ಮನೆಯಲ್ಲಿ ಅದಿಲ್ಲದೆ ಬಣ್ಣ ಬದಲಿಸುವ ಬಲ್ಬ್ ತರುವುದರಲ್ಲಿ ಅರ್ಥ ಇಲ್ಲ. ಅದರ ಮೇಲಿನ ಟೆಸ್ಟ್ ಬಟನ್ ಒತ್ತಿದರೆ ತಕ್ಷಣ ಬಿದ್ದು ಕರೆಂಟ್ ಕಡಿಯಬೇಕು. ಬೀಳದಿದ್ದರೆ ಬದಲಿಸಿ.

ಮೂರನೆಯದು ಸ್ವಿಚ್ ಬಾಕ್ಸಿನಲ್ಲಿ ನ್ಯೂಟ್ರಲ್ ವೈರ್. ಹಳೆ ವೈರಿಂಗ್‌ನಲ್ಲಿ ಬರೀ ಸ್ವಿಚ್ ಇರುವ ಬಾಕ್ಸಿಗೆ ಸಾಮಾನ್ಯವಾಗಿ ಫೇಸ್ ಮಾತ್ರ ಬಂದಿರುತ್ತದೆ. ಹೆಚ್ಚಿನ ಸ್ಮಾರ್ಟ್ ಸ್ವಿಚ್‌ಗಳಿಗೆ ನ್ಯೂಟ್ರಲ್ ಬೇಕೇ ಬೇಕು. ಅದು ಇಲ್ಲದಿದ್ದರೆ ಗೋಡೆ ಒಡೆಯುವ ಖರ್ಚು ಸಾಧನದ ಖರ್ಚನ್ನೇ ಮೀರುತ್ತದೆ. ಅಂಥ ಮನೆಗೆ ಸ್ವಿಚ್ ಬದಲಿಸುವ ಯೋಜನೆ ಬಿಟ್ಟುಬಿಡಿ. ಗೋಡೆಯ ಸಾಕೆಟ್ಟಿಗೆ ಚುಚ್ಚಿ ಫೋನಿನಿಂದ ಚಾಲೂ, ಬಂದ್ ಮಾಡುವ ಒಂದೆರಡು ಸ್ಮಾರ್ಟ್ ಪ್ಲಗ್ ಸಾಕು.

ನಾಲ್ಕನೆಯದು ಸಿಡಿಲು ಮತ್ತು ವೋಲ್ಟೇಜ್. ಬೇಸಿಗೆಯ ಕೊನೆಗೆ ಬರುವ ಗುಡುಗು ಮಳೆಯಲ್ಲಿ ಮೊದಲು ಸುಡುವುದು ರೂಟರ್, ಸೆಟ್‌ಟಾಪ್ ಬಾಕ್ಸ್. ಮೇನ್ ಬೋರ್ಡಿಗೆ ಒಂದು ಸರ್ಜ್ ಪ್ರೊಟೆಕ್ಟರ್, ಅಂದರೆ ವೋಲ್ಟೇಜ್ ದಿಢೀರನೆ ಏರಿದಾಗ ತಡೆಯುವ ಸಾಧನ, ಹಾಕಿಸುವುದು ಒಳ್ಳೆಯದು. ಅದಿದ್ದರೂ ಸಿಡಿಲು ಶುರುವಾಗುವ ಮೊದಲೇ ರೂಟರಿನ ಪ್ಲಗ್ ಕಿತ್ತಿಡುವ ರೂಢಿ ಬಿಡಬೇಡಿ.

ಮನೆ ಈಗ ಕಟ್ಟಿಸುತ್ತಿದ್ದೀರಾ? ಹಾಗಿದ್ದರೆ ನಿಮ್ಮ ಕೈಯಲ್ಲಿ ದೊಡ್ಡ ಅವಕಾಶ ಇದೆ. ಈಗ ಒಂದೇ ಒಂದು ಸ್ಮಾರ್ಟ್ ಸಾಧನ ಕೊಳ್ಳದಿದ್ದರೂ ಪರವಾಗಿಲ್ಲ. ಗೋಡೆಗೆ ಗಿಲಾವು ಆಗುವ ಮೊದಲು ಎಲ್ಲ ಸ್ವಿಚ್ ಬಾಕ್ಸಿಗೂ ನ್ಯೂಟ್ರಲ್ ಎಳೆಸಿ. ಬಾಕ್ಸ್ ಸ್ವಲ್ಪ ಆಳದ್ದು ಹಾಕಿಸಿ. ಪಡಸಾಲೆಯಿಂದ ಮೇಲಿನ ಮಹಡಿಗೆ, ಗೇಟಿಗೆ, ಮಾಳಿಗೆಯ ಟಾಕಿಗೆ ಖಾಲಿ ಪೈಪ್ ಹಾಕಿಸಿ ಒಳಗೆ ಒಂದು ದಾರ ಬಿಡಿ. ಮುಂದೆ ಯಾವ ಕೇಬಲ್ ಬೇಕಾದರೂ ಎಳೆಯಬಹುದು. ಎಸಿ ಬರಬಹುದಾದ ಕೋಣೆಗೆ 4 ಚದರ ಮಿಲಿಮೀಟರ್ ವೈರ್ ಎಳೆಸಿಡಿ. ಸಾಧನಗಳು ವರ್ಷ ವರ್ಷ ಬದಲಾಗುತ್ತವೆ, ಗೋಡೆಯೊಳಗಿನ ಪೈಪ್ ಮಾತ್ರ ಮೂವತ್ತು ವರ್ಷ ಹಾಗೇ ಇರುತ್ತದೆ.

ಮೂರನೇ ಹಂತ: ಕಲ್ಲಿನ ಗೋಡೆ ಮತ್ತು ವೈ-ಫೈ

ಬ್ರಹ್ಮಪುರ, ಶಹಾಬಜಾರ್ ಕಡೆಯ ಹಳೆ ಮನೆಗಳಲ್ಲಿ ಒಂದೂವರೆ, ಎರಡು ಅಡಿ ದಪ್ಪದ ಕಲ್ಲಿನ ಗೋಡೆ ಇರುತ್ತವೆ. ನೆಲಕ್ಕೆ ಶಹಾಬಾದ್ ಕಲ್ಲು. ಬೀದರ್ ಕಡೆ ಹೋದರೆ ಜಂಬಿಟ್ಟಿಗೆಯ ಗೋಡೆ. ಬಿಸಿಲಿಗೆ ಇವು ವರದಾನ, ವೈ-ಫೈಗೆ ಮಾತ್ರ ಅಡ್ಡಿ. ಮುಂದಿನ ಕೋಣೆಯಲ್ಲಿ ರೂಟರ್ ಇಟ್ಟರೆ ಎರಡು ಗೋಡೆ ದಾಟುವಷ್ಟರಲ್ಲಿ ಸಿಗ್ನಲ್ ಸೊರಗುತ್ತದೆ.

ರೂಟರ್‌ನಲ್ಲಿ ಸಾಮಾನ್ಯವಾಗಿ ಎರಡು ಅಲೆ ಇರುತ್ತವೆ. 5 ಗಿಗಾಹರ್ಟ್ಜ್ ವೇಗದ್ದು, ಗೋಡೆ ದಾಟಲು ಸೋಲುತ್ತದೆ. 2.4 ಗಿಗಾಹರ್ಟ್ಜ್ ನಿಧಾನದ್ದು, ದೂರ ಹೋಗುತ್ತದೆ. ಹೆಚ್ಚಿನ ಸ್ಮಾರ್ಟ್ ಪ್ಲಗ್, ಬಲ್ಬ್‌ಗಳು 2.4ರಲ್ಲಿ ಮಾತ್ರ ನಡೆಯುತ್ತವೆ. "ಪ್ಲಗ್ ಕನೆಕ್ಟ್ ಆಗ್ತಾನೇ ಇಲ್ಲ" ಅನ್ನುವ ದೂರಿನಲ್ಲಿ ಎಷ್ಟೋ ಸಲ ಕಾರಣ ಇದೇ. ಫೋನನ್ನು 2.4ಕ್ಕೆ ಹಾಕಿ ಇನ್ನೊಮ್ಮೆ ಪ್ರಯತ್ನಿಸಿ.

ರೂಟರನ್ನು ಮನೆಯ ನಡುವೆ, ಎತ್ತರದಲ್ಲಿ, ಕಬ್ಬಿಣದ ಅಲಮಾರಿಯಿಂದ ದೂರ ಇಡಿ. ಹಿಂದಿನ ಕೋಣೆಗೂ ಬೇಕಾದರೆ ಕೇಬಲ್ ಎಳೆದು ಎರಡನೇ ವೈ-ಫೈ ಪೆಟ್ಟಿಗೆ ಹಾಕಿಸಿ. ಕಲ್ಲಿನ ಮನೆಗಳಲ್ಲಿ ಕೇಬಲ್ ಇಲ್ಲದೆ ಸಿಗ್ನಲ್ ಎತ್ತಿಕೊಡುವ ಸಣ್ಣ ಪೆಟ್ಟಿಗೆಗಳು ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ರೂಟರನ್ನು ಇನ್ವರ್ಟರ್ ಲೈನಿಗೆ ಹಾಕಿಸಿ. ಅದಾಗದಿದ್ದರೆ ರೂಟರಿಗೆಂದೇ ಬರುವ ಸಣ್ಣ ಯುಪಿಎಸ್ ಸಿಗುತ್ತದೆ.

ನಾಲ್ಕನೇ ಹಂತ: ಮೊದಲ ದುಡ್ಡು ನೀರಿಗೆ

ಕಲಬುರಗಿಗೆ ನೀರು ಭೀಮಾ ನದಿಯಿಂದ, ಬೆಣ್ಣೆತೊರೆಯಿಂದ ಬರುತ್ತದೆ. ಬಹಳಷ್ಟು ಓಣಿಗಳಲ್ಲಿ ನಳ ದಿನಾ ಬರುವುದಿಲ್ಲ. ಬಂದಾಗ ಸಂಪಿನಲ್ಲಿ ತುಂಬಿಸಿ, ಮೋಟರ್ ಹಚ್ಚಿ ಮಾಳಿಗೆ ಮೇಲಿನ ಟಾಕಿಗೆ ಏರಿಸಿ, ಮುಂದಿನ ಸರದಿವರೆಗೆ ಹೊಂದಿಸಿಕೊಳ್ಳಬೇಕು. ಹೀಗಿರುವಾಗ ಟಾಕಿ ತುಂಬಿ ಅರ್ಧ ಗಂಟೆ ನೀರು ಹರಿದುಹೋದರೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಅದಕ್ಕೇ ನಮ್ಮ ಕಡೆ ಮನೆಗಳಿಗೆ ಎಲ್ಲಕ್ಕಿಂತ ಉಪಯೋಗದ ಸ್ಮಾರ್ಟ್ ಸಾಧನ ಮೋಟರಿನದು ಅನ್ನುತ್ತೇನೆ.

ಇದರಲ್ಲಿ ಮೂರು ಮಟ್ಟ ಇವೆ. ಮೊದಲನೆಯದು ಬರೀ ಗಂಟೆ. ಟಾಕಿ ತುಂಬಿದಾಗ ಕೂಗುತ್ತದೆ, ನೀವು ಹೋಗಿ ಮೋಟರ್ ಬಂದ್ ಮಾಡಬೇಕು. ಮನೆಯಲ್ಲಿ ಯಾವಾಗಲೂ ಜನ ಇದ್ದರೆ ಇಷ್ಟೇ ಸಾಕು. ಎರಡನೆಯದು ತಾನೇ ಚಾಲೂ, ತಾನೇ ಬಂದ್ ಆಗುವ ಕಂಟ್ರೋಲರ್. ಟಾಕಿ ಖಾಲಿಯಾದರೆ ಹಚ್ಚುತ್ತದೆ, ತುಂಬಿದರೆ ನಿಲ್ಲಿಸುತ್ತದೆ, ಸಂಪಿನಲ್ಲಿ ನೀರಿಲ್ಲದಿದ್ದರೆ ಮೋಟರ್ ಓಡಲು ಬಿಡುವುದಿಲ್ಲ. ಇದಕ್ಕೆ ನೆಟ್ಟೂ ಬೇಡ, ಫೋನೂ ಬೇಡ. ಮೂರನೆಯದು ಇಷ್ಟೆಲ್ಲ ಮಾಡಿ ಫೋನಿಗೂ ಸುದ್ದಿ ಕಳಿಸುವಂಥದ್ದು. ಹೆಚ್ಚಿನ ಮನೆಗಳಿಗೆ ಎರಡನೇ ಮಟ್ಟವೇ ಸರಿ ಅನ್ನೋದು ನನ್ನ ತೀರ್ಮಾನ. ಗಂಡ ಹೆಂಡತಿ ಇಬ್ಬರೂ ದುಡಿಯಲು ಹೋಗುವ ಮನೆ, ಬಾಡಿಗೆ ಕೊಟ್ಟ ಮನೆ, ಮೇಲೆ ಕೆಳಗೆ ಎರಡು ಸಂಸಾರ ಇರುವ ಮನೆ ಆದರೆ ಮೂರನೆಯದಕ್ಕೆ ಹೋಗಬಹುದು.

ಇಲ್ಲಿ ಸೆನ್ಸರ್ ಆಯ್ಕೆಯಲ್ಲಿ ಜೋಪಾನ. ನಮ್ಮ ಬೋರ್ ನೀರು ಗಡಸು. ಅಗ್ಗದ ಕಂಟ್ರೋಲರ್‌ನಲ್ಲಿ ಬರುವ ಬರೀ ಲೋಹದ ಕಡ್ಡಿಗಳನ್ನು ಕೆಲವು ತಿಂಗಳ ಮೇಲೆ ಟಾಕಿಯಿಂದ ಎತ್ತಿ ನೋಡಿ. ಬಕೆಟ್ಟಿನ ಅಂಚಿಗೆ, ಗೀಸರಿನ ಕಾಯಿಲ್‌ಗೆ ಕಟ್ಟುವಂಥ ಬಿಳಿ ಪದರ ಕಡ್ಡಿಯ ತುದಿಗೂ ಕಟ್ಟಿರುತ್ತದೆ, ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ಆ ಕಡ್ಡಿ ನೀರಿನ ಮೂಲಕ ಹರಿಯುವ ಸಣ್ಣ ಕರೆಂಟನ್ನು ನೋಡಿ ನೀರು ಮುಟ್ಟಿತು ಅಂತ ತಿಳಿಯುತ್ತದೆ. ಪದರ ದಪ್ಪ ಆದರೆ ಕರೆಂಟ್ ಹರಿಯುವುದಿಲ್ಲ. ಟಾಕಿ ತುಂಬಿ ತುಳುಕುತ್ತಿದ್ದರೂ ಕಂಟ್ರೋಲರಿಗೆ ಅದು ಖಾಲಿ ಅಂತಲೇ ಲೆಕ್ಕ. ಮೋಟರ್ ನಿಲ್ಲುವುದೇ ಇಲ್ಲ. ಆದ್ದರಿಂದ ಆಯಸ್ಕಾಂತ ಇರುವ ಫ್ಲೋಟ್ ಸೆನ್ಸರ್ ಕೇಳಿ ತನ್ನಿ. ಅದರಲ್ಲಿ ಸ್ವಿಚ್ ಮುಚ್ಚಿದ ಕೊಳವೆಯೊಳಗೆ ಇರುತ್ತದೆ, ನೀರು ಅದನ್ನು ಮುಟ್ಟುವುದಿಲ್ಲ. ಅದರ ತೇಲುಬುಂಡೆಯನ್ನೂ ವರ್ಷಕ್ಕೆ ಎರಡು ಸಲ ನಿಂಬೆಹಣ್ಣು ಅಥವಾ ವಿನೆಗರ್ ಹಚ್ಚಿ ತಿಕ್ಕಿ ತೊಳೆಯಿರಿ.

ಇನ್ನೊಂದು ಎಚ್ಚರಿಕೆ. ಮೋಟರನ್ನು ಮಾಮೂಲಿ ಸ್ಮಾರ್ಟ್ ಪ್ಲಗ್ಗಿಗೆ ಹಾಕಬೇಡಿ. ಒಂದು ಎಚ್‌ಪಿ ಮೋಟರ್ ಓಡುವಾಗ ಎಳೆಯುವುದು ಸುಮಾರು ಒಂದು ಕಿಲೋವ್ಯಾಟ್ ಇರಬಹುದು, ಆದರೆ ಶುರುವಾಗುವ ಕ್ಷಣದಲ್ಲಿ ಅದರ ಎಷ್ಟೋ ಪಟ್ಟು ಕರೆಂಟ್ ಎಳೆಯುತ್ತದೆ. ಪ್ಲಗ್ಗಿನೊಳಗಿನ ರಿಲೇ, ಅಂದರೆ ಕರೆಂಟ್ ಜೋಡಿಸಿ ಬಿಡಿಸುವ ಸಣ್ಣ ಸ್ವಿಚ್, ಆ ಹೊಡೆತಕ್ಕೆ ಅಂಟಿಕೊಂಡರೆ ಮುಗಿಯಿತು. ಫೋನಿನಲ್ಲಿ ಬಂದ್ ಅಂತ ತೋರಿಸುತ್ತದೆ, ಮೋಟರ್ ಓಡುತ್ತಲೇ ಇರುತ್ತದೆ. ಸ್ಟಾರ್ಟರ್ ಅಥವಾ ಕಾಂಟ್ಯಾಕ್ಟರ್ (ಮೋಟರಿನ ದೊಡ್ಡ ಕರೆಂಟ್ ತಾಳುವ ಸ್ವಿಚ್) ಇದ್ದು, ಸ್ಮಾರ್ಟ್ ಸಾಧನ ಅದಕ್ಕೆ ಆಜ್ಞೆ ಕೊಡುವ ಹಾಗೆ ಮಾಡಿಸಿ. ಕೈಯಿಂದ ಒತ್ತುವ ಹಸಿರು, ಕೆಂಪು ಬಟನ್ ಎಂದೂ ತೆಗೆಸಬೇಡಿ.

ನಡುರಾತ್ರಿ ನಳ ಬರುವ ಓಣಿಯವರಿಗೆ ಒಂದು ಸಣ್ಣ ಉಪಾಯ. ಸಂಪಿಗೆ ಬರುವ ಪೈಪಿನ ಬಾಯಿಯ ಕೆಳಗೆ ಒಂದು ಸಣ್ಣ ಡಬ್ಬಿ, ಅದರಲ್ಲಿ ಫ್ಲೋಟ್ ಸ್ವಿಚ್, ಅದಕ್ಕೆ ಬ್ಯಾಟರಿ ಗಂಟೆ. ನೀರು ಬಿದ್ದು ಡಬ್ಬಿ ತುಂಬಿದ ಕೂಡಲೇ ಗಂಟೆ ಬಾರಿಸುತ್ತದೆ. ಡಬ್ಬಿಯ ತಳಕ್ಕೆ ಸಣ್ಣ ತೂತು ಇಟ್ಟರೆ ನಳ ನಿಂತ ಮೇಲೆ ತಾನೇ ಖಾಲಿಯಾಗಿ ಮುಂದಿನ ಸರದಿಗೆ ತಯಾರಾಗುತ್ತದೆ. ಓಣಿಯ ಎಲೆಕ್ಟ್ರಿಷಿಯನ್ ಮಾಡಿಕೊಡುವ ಕೆಲಸ ಇದು. ಸ್ಮಾರ್ಟ್ ಅಂತ ಹೆಸರಿಲ್ಲ, ನಿದ್ದೆ ಮಾತ್ರ ಉಳಿಯುತ್ತದೆ.

ಐದನೇ ಹಂತ: ಬಿಸಿಲು ಮತ್ತು ಬಿಲ್

ಮೇ ತಿಂಗಳಲ್ಲಿ ನಮ್ಮಲ್ಲಿ 42, 43 ಡಿಗ್ರಿ ಹೊಸದೇನಲ್ಲ. ಆ ತಿಂಗಳ ಬಿಲ್ಲೂ ಹಾಗೇ ಏರುತ್ತದೆ. ಇಲ್ಲಿ ಸಾಧನ ಕೊಳ್ಳುವ ಮೊದಲು ಮಾಳಿಗೆಗೆ ಬಿಳಿ ಸುಣ್ಣ ಅಥವಾ ಬಿಸಿಲು ತಡೆಯುವ ಬಿಳಿ ಪೇಂಟ್ ಹೊಡೆಸಿ, ಪಡುವಣ ಕಿಟಕಿಗೆ ನೆರಳು ಮಾಡಿಸಿ. ಛತ್ತು ಕಾಯ್ದು ಕೆಂಡವಾಗಿದ್ದರೆ ಎಸಿ ಎಷ್ಟು ಜಾಣ ಇದ್ದರೂ ಕರೆಂಟ್ ನುಂಗುವುದು ತಪ್ಪುವುದಿಲ್ಲ.

ಈಗ ಕರೆಂಟಿನ ಲೆಕ್ಕ. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಉದ್ಘಾಟನೆಯಾಗಿದ್ದು 2023ರ ಆಗಸ್ಟ್‌ನಲ್ಲಿ, ನಮ್ಮ ಕಲಬುರಗಿಯಲ್ಲೇ. ಅದರಲ್ಲಿ ನಿಮ್ಮ ಹಿಂದಿನ ಸರಾಸರಿ ಬಳಕೆ ನೋಡಿ ಒಂದು ಮಿತಿ ಕಟ್ಟಿರುತ್ತಾರೆ. ಆ ಮಿತಿ ದಾಟಿದರೆ ಹೆಚ್ಚಿನ ಯೂನಿಟ್‌ಗೆ ದುಡ್ಡು. 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. ಅಂದರೆ 199ಕ್ಕೂ 201ಕ್ಕೂ ದೊಡ್ಡ ವ್ಯತ್ಯಾಸ ಇದೆ.

ಸ್ಮಾರ್ಟ್ ಸಾಧನಗಳು ಇಪ್ಪತ್ನಾಲ್ಕು ಗಂಟೆ ಎಚ್ಚರ ಇರುತ್ತವೆ. ಸುಮ್ನೆ ಕೂತಿದ್ದಾಗಲೂ ಕರೆಂಟ್ ತಿನ್ನುತ್ತವೆ. ತಿಂಗಳಿಗೆ 720 ಗಂಟೆ ಹಿಡಿಯಿರಿ. 10 ವ್ಯಾಟ್‌ನ ರೂಟರ್ ತಿಂಗಳಿಗೆ 7 ಯೂನಿಟ್ ತಿನ್ನುತ್ತದೆ. 5 ವ್ಯಾಟ್‌ನ ಎರಡು ಕ್ಯಾಮೆರಾ ಇನ್ನೊಂದು 7. ಒಂದೊಂದು ವ್ಯಾಟ್ ಎಳೆಯುವ ಆರು ಪ್ಲಗ್, ಸ್ವಿಚ್ ಸೇರಿ 4ಕ್ಕೂ ಸ್ವಲ್ಪ ಹೆಚ್ಚು. ಒಂದು ಸ್ಪೀಕರ್ ಒಂದೂವರೆ. ಒಟ್ಟು ಸುಮಾರು 20 ಯೂನಿಟ್. ಮೇನಲ್ಲಿ 185 ಯೂನಿಟ್ ಆಗುತ್ತಿದ್ದ ಮನೆ ಇವನ್ನೆಲ್ಲ ಹಚ್ಚಿದರೆ 205ಕ್ಕೆ ಹೋಗುತ್ತದೆ. ಉಳಿತಾಯ ಆಗಲಿ ಅಂತ ತಂದದ್ದೇ ಪೂರ್ತಿ ಬಿಲ್ ಕಟ್ಟಿಸುತ್ತದೆ.

ಇದಕ್ಕೆ ಒಳ್ಳೆಯ ಉತ್ತರ ಬಿಎಲ್‌ಡಿಸಿ ಫ್ಯಾನ್, ಅಂದರೆ ಕಡಿಮೆ ಕರೆಂಟಿನಲ್ಲಿ ತಿರುಗುವ ಹೊಸ ಬಗೆಯ ಮೋಟರ್ ಇರುವ ಫ್ಯಾನ್. ಹಳೆ ಫ್ಯಾನ್ ಸುಮಾರು 75 ವ್ಯಾಟ್ ಎಳೆದರೆ ಇದು 30ರ ಆಸುಪಾಸು. ಬೇಸಿಗೆಯಲ್ಲಿ ದಿನಕ್ಕೆ 16 ಗಂಟೆ ತಿರುಗುವ ಒಂದು ಫ್ಯಾನ್ ಬದಲಿಸಿದರೆ ತಿಂಗಳಿಗೆ 21 ಯೂನಿಟ್ ಉಳಿಯುತ್ತದೆ. ಮೇಲೆ ಹೇಳಿದ ಸಾಧನಗಳೆಲ್ಲ ತಿನ್ನುವುದನ್ನು ಒಂದೇ ಫ್ಯಾನ್ ತುಂಬಿಕೊಡುತ್ತದೆ. ಇನ್ವರ್ಟರ್ ಮೇಲೂ ಹೆಚ್ಚು ಹೊತ್ತು ತಿರುಗುತ್ತದೆ. ಫೋನಿಗೆ ಜೋಡಿಸುವ ಮಾದರಿಯೇ ಬೇಕಿಲ್ಲ, ರಿಮೋಟ್ ಇರುವ ಸಾದಾ ಮಾದರಿ ಸಾಕು. ಸ್ಮಾರ್ಟ್ ಮನೆಗೆ ಅಂತ ಸ್ವಲ್ಪವೇ ದುಡ್ಡು ತೆಗೆದಿಟ್ಟವರು ನೀರಿನ ಕಂಟ್ರೋಲರ್ ಆದ ಮೇಲೆ ಉಳಿದದ್ದನ್ನೆಲ್ಲ ಫ್ಯಾನಿಗೇ ಹಾಕಿ.

ಕೂಲರ್ ನಮ್ಮ ಒಣ ಬಿಸಿಲಿಗೆ ಚೆನ್ನಾಗಿ ಹೊಂದುತ್ತದೆ. ಅದಕ್ಕೆ ಬೇಕಿರುವುದು ತೆರೆದ ಕಿಟಕಿ ಮತ್ತು ಬಹಳ ಅಂದರೆ ಒಂದು ಟೈಮರ್. ಬೆಳಗಿನ ಜಾವ ತಂಪಾದ ಮೇಲೆ ತಾನೇ ಬಂದ್ ಆಗಲಿ. ಎಸಿ ಇದ್ದವರು 26ಕ್ಕೆ ಇಟ್ಟು ಮೇಲೆ ಫ್ಯಾನ್ ಹಚ್ಚಿ. 2020ರಿಂದ ಹೊಸ ಎಸಿಗಳು 24 ಡಿಗ್ರಿಗೇ ಚಾಲೂ ಆಗಬೇಕು ಅಂತ ನಿಯಮ ಇದೆ. ಒಂದೊಂದು ಡಿಗ್ರಿ ಏರಿಸಿದಂತೆ ಸುಮಾರು ನೂರಕ್ಕೆ ಆರರಷ್ಟು ಕರೆಂಟ್ ಉಳಿಯುತ್ತದೆ.

ಗೀಸರ್, ಎಸಿಗೆ ಪ್ಲಗ್ ಹಾಕುವುದಾದರೆ 16 ಆಂಪಿಯರಿನದೇ ಬೇಕು, ಮೇಲೆ ಐಎಸ್‌ಐ ಗುರುತು ನೋಡಿ. ಮತ್ತೆ ಒಂದು ಸೆಟ್ಟಿಂಗ್ ತಪ್ಪದೆ ನೋಡಿ. ಕರೆಂಟ್ ಹೋಗಿ ಬಂದ ಮೇಲೆ ಆ ಪ್ಲಗ್ ಯಾವ ಸ್ಥಿತಿಯಲ್ಲಿ ಎಚ್ಚರಗೊಳ್ಳುತ್ತದೆ? ಆ್ಯಪ್‌ನಲ್ಲಿ ಮೂರು ಆಯ್ಕೆ ಇರುತ್ತವೆ: ಚಾಲೂ, ಬಂದ್, ಹಿಂದೆ ಹೇಗಿತ್ತೋ ಹಾಗೆ. ಗೀಸರಿಗೆ ಬಂದ್ ಅಂತಲೇ ಇಡಿ. ಇಲ್ಲವಾದರೆ ನೀವು ಊರಿಗೆ ಹೋದಾಗ ಕರೆಂಟ್ ಹೋಗಿ ಬಂದು, ಖಾಲಿ ಮನೆಯಲ್ಲಿ ಗೀಸರ್ ದಿನಗಟ್ಟಲೆ ಕಾಯುತ್ತಿರುತ್ತದೆ.

ಆರನೇ ಹಂತ: ಹಿರಿಯರು, ಕ್ಯಾಮೆರಾ, ಒಪ್ಪಿಗೆ

ಮಕ್ಕಳು ದೂರದ ಊರಲ್ಲಿ, ಮುತ್ಯಾ ಆಯಿ ಇಬ್ಬರೇ ಇಲ್ಲಿ. ಇಂಥ ಮನೆ ನಮ್ಮಲ್ಲಿ ಓಣಿಗೆ ಹತ್ತು ಸಿಗುತ್ತವೆ. ಮಕ್ಕಳ ಚಿಂತೆ ನಿಜವಾದದ್ದು. ಆದರೆ ಮೊದಲ ಉತ್ತರ ಕ್ಯಾಮೆರಾ ಆಗಬಾರದು.

ಮೊದಲು ಹಾಸಿಗೆಯಿಂದ ಬಚ್ಚಲಿನವರೆಗೆ ದಾರಿಯುದ್ದಕ್ಕೂ, ಯಾರಾದರೂ ನಡೆದ ಸುಳಿವು ಸಿಕ್ಕರೆ ತಾನೇ ಹತ್ತುವ ಸಣ್ಣ ದೀಪ ಹಚ್ಚಿ. ಹಳೆ ಮನೆಗಳಲ್ಲಿ ಬಚ್ಚಲು ಹಿತ್ತಲಲ್ಲಿ ಇರುತ್ತದೆ, ನಡುವೆ ಹೊಸ್ತಿಲು, ಮೆಟ್ಟಿಲು. ರಾತ್ರಿ ಎದ್ದು ಸ್ವಿಚ್ ತಡಕಾಡುವಾಗಲೇ ಬೀಳುವುದು. ಈ ದೀಪಕ್ಕೆ ನೆಟ್ಟು ಬೇಡ, ಕಲಿಯುವುದೂ ಬೇಡ. ಆಮೇಲೆ ಕರೆಗಂಟೆಯ ಬಟನ್. ಬ್ಯಾಟರಿಯ ವೈರ್‌ಲೆಸ್ ಬೆಲ್ ತಂದು ಬಟನನ್ನು ಹಾಸಿಗೆ ಪಕ್ಕ, ಇನ್ನೊಂದನ್ನು ಬಚ್ಚಲಿನಲ್ಲಿ ನೆಲದಿಂದ ಒಂದಡಿ ಎತ್ತರಕ್ಕೆ ಹಚ್ಚಿ. ಬಿದ್ದವರ ಕೈಗೆ ಸಿಗುವ ಎತ್ತರ ಅದು. ಗಂಟೆಯನ್ನು ಪಕ್ಕದ ಮನೆಯವರು ಒಪ್ಪಿದರೆ ಅವರಲ್ಲಿ ಇಡಿ. ಬೆಂಗಳೂರಿನ ಮಗನಿಗಿಂತ ಗೋಡೆಯಾಚೆಯವರು ಬೇಗ ಬರುತ್ತಾರೆ. ಆಂಬುಲೆನ್ಸಿಗೆ 108, ಬೇರೆ ತುರ್ತಿಗೆ 112. ಎರಡನ್ನೂ ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಹತ್ತಿರ ಅಂಟಿಸಿ.

ಇಷ್ಟಾದ ಮೇಲೆ ಕ್ಯಾಮೆರಾ. ಗೇಟಿಗೆ, ಮುಂಬಾಗಿಲಿಗೆ ಹಾಕುವುದಕ್ಕೆ ಯಾರ ತಕರಾರೂ ಇರುವುದಿಲ್ಲ. ಮನೆಯೊಳಗೆ ಹಾಕುವ ಮಾತು ಬಂದಾಗ ಅಲ್ಲಿ ಇರುವವರನ್ನು ಕೇಳಲೇಬೇಕು. "ಅಲ್ಲೋ, ನಾ ಸೀರಿ ಸೆರಗ ಸರಿ ಮಾಡ್ಕೊಳ್ಳಾಕೂ ಒಳಗ ಹೋಗಬೇಕೇನು?" ಅಂತ ಅವ್ವ ಕೇಳಿದರೆ ಅದು ಪೂರ್ತಿ ನ್ಯಾಯದ ಪ್ರಶ್ನೆ. ಪಡಸಾಲೆಗೆ ಮಾತ್ರ ಒಂದು, ಅದೂ ಅವರು ಒಪ್ಪಿದರೆ. ಬೇಡ ಅನಿಸಿದಾಗ ಪ್ಲಗ್ ಕೀಳುವ ಹಕ್ಕು ಅವರಿಗಿರಲಿ. ಕಿತ್ತಿದ್ದಕ್ಕೆ ಫೋನ್ ಮಾಡಿ ಸಿಟ್ಟಾಗಬೇಡಿ.

ಇನ್ನು ನೆರೆಯವರು. ಬೇಸಿಗೆಯಲ್ಲಿ ಜನ ಮಾಳಿಗೆ ಮೇಲೆ ಮಲಗುವ ಊರು ನಮ್ಮದು. ನಿಮ್ಮ ಕ್ಯಾಮೆರಾದ ಕಣ್ಣು ಪಕ್ಕದವರ ಮಾಳಿಗೆ ಮೇಲೆ, ಅವರ ಬಚ್ಚಲ ಬಾಗಿಲ ಮೇಲೆ ಬೀಳಬಾರದು. ಒಪ್ಪಿಗೆ ಇಲ್ಲದೆ ಒಬ್ಬರ ಮೈಯ ಖಾಸಗಿ ಭಾಗದ ಚಿತ್ರ ಸೆರೆಹಿಡಿಯುವುದು ಐಟಿ ಕಾಯ್ದೆಯ 66ಇ ಕಲಮಿನಡಿ ಅಪರಾಧ, 3 ವರ್ಷದವರೆಗೆ ಜೈಲು ಆಗಬಹುದು. ಕ್ಯಾಮೆರಾ ತಿರುಗಿಸಲು ಆಗದಿದ್ದರೆ ಚಿತ್ರದ ಆ ಭಾಗಕ್ಕೆ ಕಪ್ಪು ಪಟ್ಟಿ ಹಾಕುವ ಸೌಲಭ್ಯ ಬಹಳ ಕ್ಯಾಮೆರಾಗಳಲ್ಲಿ ಇದೆ. ಹಾಕಿದ ಮೇಲೆ ನೆರೆಯವರನ್ನು ಕರೆದು ಫೋನಿನಲ್ಲಿ ತೋರಿಸಿ. ಜಗಳ ಅಲ್ಲಿಗೇ ತಪ್ಪುತ್ತದೆ.

ಹೊರಗಿನ ಕ್ಯಾಮೆರಾವನ್ನು ಪಡುವಣ ಗೋಡೆಗೆ ಬಿಸಿಲಲ್ಲಿ ಹಚ್ಚಬೇಡಿ. ಸುಮಾರು 50 ಡಿಗ್ರಿವರೆಗೆ ತಾಳುತ್ತದೆ ಅಂತ ಡಬ್ಬಿ ಮೇಲೆ ಬರೆದಿದ್ದರೂ, ಬಿಸಿಲಿಗೆ ಕಾದ ಗೋಡೆ ಅದನ್ನು ದಾಟಿಸುತ್ತದೆ. ಛಜ್ಜಾ ಕೆಳಗೆ, ಬಡಗಣ ಅಥವಾ ಮೂಡಣ ದಿಕ್ಕಿಗೆ ಹಚ್ಚಿ. ದೃಶ್ಯಗಳನ್ನು ಮೆಮೊರಿ ಕಾರ್ಡಿನಲ್ಲೇ ಉಳಿಸಿಕೊಳ್ಳಿ. ಸೆಕೆಂಡಿಗೆ 1 ಮೆಗಾಬಿಟ್ ಲೆಕ್ಕದಲ್ಲಿ ದಿನಕ್ಕೆ ಸುಮಾರು 10 ಜಿಬಿ ಆಗುತ್ತದೆ. 128 ಜಿಬಿ ಕಾರ್ಡಿನಲ್ಲಿ ಹತ್ತು, ಹನ್ನೆರಡು ದಿನದ್ದು ಸಿಗುತ್ತದೆ. ಅಷ್ಟು ಸಾಕು.

ಅಡುಗೆಮನೆಗೆ ಗ್ಯಾಸ್ ಸೋರಿಕೆ ಅಲಾರಂ ಒಳ್ಳೆಯದು. ಎಲ್‌ಪಿಜಿ ಗಾಳಿಗಿಂತ ಭಾರ, ಕೆಳಗೆ ಕೂರುತ್ತದೆ. ಅದಕ್ಕೇ ಅಲಾರಂ ನೆಲದಿಂದ ಒಂದಡಿ ಎತ್ತರದಲ್ಲಿರಲಿ. ಫೋನಿಗೆ ಸಂದೇಶ ಬಂದರೆ ಸಾಲದು, ಅಲ್ಲೇ ಜೋರಾಗಿ ಕೂಗಬೇಕು. ಕೂಗಿದಾಗ ಎಕ್ಸಾಸ್ಟ್ ಫ್ಯಾನ್ ತಾನೇ ಚಾಲೂ ಆಗುವ ಹಾಗೆ ಎಂದೂ ಜೋಡಿಸಬೇಡಿ. ಸ್ವಿಚ್ಚಿನ ಒಂದು ಕಿಡಿ ಸಾಕು ಅನಾಹುತಕ್ಕೆ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು ಹೊರಗೆ ಬಂದು 1906ಕ್ಕೆ ಕರೆ ಮಾಡಿ.

ಉಳಿದ ಸಾಧನಗಳು

ಬೆರಳಚ್ಚಿನ ಬೀಗ: ಹೊಲದಲ್ಲಿ ದುಡಿದ ಕೈ, ವಯಸ್ಸಾದವರ ಕೈ ಸವೆದಿರುತ್ತದೆ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಹಿಡಿಯದೆ ಪರದಾಡುವುದನ್ನು ನೋಡಿದ್ದೀರಲ್ಲ, ಮನೆ ಬಾಗಿಲಲ್ಲೂ ಅದೇ ಕಥೆ. ಕೀಲಿಕೈ ರಂಧ್ರ ಇರುವುದನ್ನೇ ತನ್ನಿ. ಒಂದು ಕೀಲಿಕೈ ಯಾವಾಗಲೂ ಹೊರಗೆ ನಂಬಿಕೆಯವರ ಹತ್ತಿರ ಇರಲಿ.

ಮಾತು ಕೇಳುವ ಸ್ಪೀಕರ್: ಹಾಡು, ವಚನ ಕೇಳಲು ಚೆಂದ. ಅದರ ಮೈಕ್ ಬಂದ್ ಮಾಡುವ ಬಟನ್ ಎಲ್ಲಿದೆ ಅಂತ ಮನೆಯವರಿಗೆಲ್ಲ ತೋರಿಸಿಕೊಡಿ. ಮಲಗುವ ಕೋಣೆಯಲ್ಲಿ ಇಡಬೇಡಿ.

ಬಣ್ಣದ ಬಲ್ಬ್, ತಾನೇ ಸರಿಯುವ ಕಿಟಕಿ ಪರದೆ, ಸ್ಕ್ರೀನ್ ಇರುವ ಫ್ರಿಜ್: ಇಷ್ಟವಿದ್ದರೆ ತನ್ನಿ, ಅಗತ್ಯ ಅಂತ ಭಾವಿಸಬೇಡಿ.

ಏಳನೇ ಹಂತ: ಖಾತೆ ಯಾರ ಹೆಸರಲ್ಲಿ?

ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯಿಂದ ತಂದರೂ, ಆನ್‌ಲೈನ್‌ನಲ್ಲಿ ತರಿಸಿದರೂ, ಹಚ್ಚಲು ಒಬ್ಬ ಹುಡುಗ ಬರುತ್ತಾನೆ. ಕೆಲಸ ಬೇಗ ಮುಗಿಯಲಿ ಅಂತ ತನ್ನದೇ ಫೋನ್, ತನ್ನದೇ ಇಮೇಲ್ ಹಾಕಿ ಕ್ಯಾಮೆರಾ ಚಾಲೂ ಮಾಡಿ, ಆಮೇಲೆ ನಿಮಗೆ ಹಂಚುತ್ತಾನೆ. ಆಗ ಆ ಕ್ಯಾಮೆರಾದ ಒಡೆಯ ಅವನೇ ಆಗುತ್ತಾನೆ, ನೀವು ಅತಿಥಿ. ಅವನು ಒಳ್ಳೆಯವನೇ ಇರಬಹುದು. ಆದರೂ ನಿಮ್ಮ ಪಡಸಾಲೆ ಅವನ ಫೋನಿನಲ್ಲಿ ಇರಬಾರದು. ನಿಮ್ಮ ನಂಬರಿನಲ್ಲೇ ಖಾತೆ ತೆರೆಸಿ, ಪಾಸ್‌ವರ್ಡ್ ನೀವೇ ಟೈಪ್ ಮಾಡಿ. ಈಗಾಗಲೇ ಬೇರೆಯವರ ಹೆಸರಲ್ಲಿದ್ದರೆ ರೀಸೆಟ್ ಮಾಡಿಸಿ ಹೊಸದಾಗಿ ಜೋಡಿಸಿ.

ಡಬ್ಬಿಯೊಳಗೆ ಬರೆದು ಬಂದ ಪಾಸ್‌ವರ್ಡನ್ನು ಅಂದೇ ಬದಲಿಸಿ. 2016ರಲ್ಲಿ ಮಿರಾಯ್ ಎಂಬ ವೈರಸ್ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳೊಳಗೆ ನುಗ್ಗಿದ್ದು ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದೆ ಬಿಟ್ಟ ದಾರಿಯಿಂದಲೇ. ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡನ್ನೂ ಕೇಳುವ ಎರಡು ಹಂತದ ಪರಿಶೀಲನೆ ಚಾಲೂ ಮಾಡಿ. ಈ ಸಾಧನಗಳನ್ನೆಲ್ಲ ರೂಟರಿನಲ್ಲಿ ಅತಿಥಿಗಳಿಗೆಂದು ಬೇರೆಯಾಗಿರುವ ಗೆಸ್ಟ್ ವೈ-ಫೈಗೆ ಹಾಕಿದರೆ ನಿಮ್ಮ ಬ್ಯಾಂಕ್ ಆ್ಯಪ್ ಇರುವ ಫೋನಿನಿಂದ ದೂರ ಇರುತ್ತವೆ. ಏನಾದರೂ ಮೋಸ ಆಗಿ ದುಡ್ಡು ಹೋದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಕಂಪನಿ ಮುಚ್ಚಿದರೆ ಏನು ಗತಿ ಅಂತಲೂ ಯೋಚಿಸಿ. ಅಮೆರಿಕದಲ್ಲಿ ರಿವಾಲ್ವ್ ಎಂಬ ಸ್ಮಾರ್ಟ್ ಮನೆಯ ಹಬ್, ಅಂದರೆ ಮನೆಯ ಸಾಧನಗಳನ್ನೆಲ್ಲ ಜೋಡಿಸಿ ನಡೆಸುವ ಪೆಟ್ಟಿಗೆ, ಇತ್ತು. ಅದನ್ನು ಕೊಂಡುಕೊಂಡ ಕಂಪನಿ 2016ರಲ್ಲಿ ಸೇವೆ ನಿಲ್ಲಿಸಿತು. ಸರಿಯಾಗಿದ್ದ ಸಾಧನಗಳು ಒಂದೇ ದಿನದಲ್ಲಿ ನಿರುಪಯೋಗಿ ಆದವು. ಅಂಗಡಿಯಲ್ಲಿ ಎರಡು ಪ್ರಶ್ನೆ ಕೇಳಿ: ನೆಟ್ ಇಲ್ಲದಾಗ ಮನೆಯೊಳಗಿನ ವೈ-ಫೈನಲ್ಲೇ ನಡೆಯುತ್ತದಾ? ಮ್ಯಾಟರ್ ಗುರುತು ಇದೆಯಾ? ಮ್ಯಾಟರ್ ಅನ್ನೋದು 2022ರಲ್ಲಿ ಬಂದ ಒಂದು ಸಾಮಾನ್ಯ ಮಾನದಂಡ. ಬೇರೆ ಬೇರೆ ಕಂಪನಿಯ ಸಾಧನಗಳು ಒಂದಕ್ಕೊಂದು ಹೊಂದಿಕೊಂಡು ನಡೆಯಲಿ ಅಂತ ಮಾಡಿದ್ದು.

ಕೊನೆಯ ಹಂತ: ಮೇನ್ ಬಂದ್ ಮಾಡಿ ನೋಡಿ

ಎಲ್ಲ ಹಚ್ಚಿಯಾದ ಮೇಲೆ ಒಂದು ಭಾನುವಾರ ಸಂಜೆ, ಮನೆಯವರೆಲ್ಲ ಇದ್ದಾಗ, ಮೇನ್ ಸ್ವಿಚ್ ಬಂದ್ ಮಾಡಿ. ಬಾಗಿಲು ತೆರೆಯುತ್ತದಾ? ಇನ್ವರ್ಟರ್ ಮೇಲೆ ಯಾವ ಯಾವ ದೀಪ ಹತ್ತಿದವು? ಹದಿನೈದು ನಿಮಿಷ ಬಿಟ್ಟು ಮತ್ತೆ ಚಾಲೂ ಮಾಡಿ. ಗೀಸರ್ ತಾನೇ ಹತ್ತಿತಾ? ಮೋಟರ್? ಆಮೇಲೆ ಕರೆಂಟ್ ಇಟ್ಟುಕೊಂಡು ರೂಟರ್ ಮಾತ್ರ ಬಂದ್ ಮಾಡಿ. ಫ್ಯಾನ್, ದೀಪ ಗೋಡೆಯ ಸ್ವಿಚ್ಚಿನಿಂದ ನಡೆಯುತ್ತವಾ? ಈ ಪರೀಕ್ಷೆಯಲ್ಲಿ ಆ್ಯಪ್ ಗೊತ್ತಿರುವವರು ಸುಮ್ಮನೆ ಕೂತು, ಆಯಿ ಒಬ್ಬರೇ ಎಲ್ಲ ಮಾಡಿ ನೋಡಲಿ. ಅವರಿಗೆ ಎಲ್ಲಿ ತಡವರಿಸಿತೋ ಅಲ್ಲಿ ಬದಲಾವಣೆ ಬೇಕು.

ಆಮೇಲೆ ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯುವವರೆಗೆ ಹೊಸದೇನೂ ಕೊಳ್ಳಬೇಡಿ. ಬಿಲ್ಲುಗಳನ್ನು ಹಿಂದಿನ ವರ್ಷದ ಅದೇ ತಿಂಗಳ ಜೊತೆ ಇಟ್ಟು ನೋಡಿ. ಫೋನಿನಲ್ಲಿ ಯಾವ ಆ್ಯಪ್‌ನ ಸಂದೇಶಗಳನ್ನು ಬೇಸರವಾಗಿ ಬಂದ್ ಮಾಡಿದ್ದೀರಿ ಅಂತ ಗಮನಿಸಿ. ತಿಂಗಳುಗಟ್ಟಲೆ ಯಾರೂ ಮುಟ್ಟದ ಸಾಧನವನ್ನು ಗೋಡೆಯಿಂದ ಬಿಚ್ಚಿಬಿಡಿ, ಸುಮ್ನೆ ಕರೆಂಟ್ ತಿನ್ನುವುದು ಯಾಕೆ? ಅದನ್ನು ಬೇರೆಯವರಿಗೆ ಕೊಡುವುದಾದರೆ ಖಾತೆಯಿಂದ ತೆಗೆದು, ಫ್ಯಾಕ್ಟರಿ ರೀಸೆಟ್ ಮಾಡಿ, ಕ್ಯಾಮೆರಾ ಆಗಿದ್ದರೆ ಮೆಮೊರಿ ಕಾರ್ಡ್ ನಿಮ್ಮ ಹತ್ತಿರವೇ ಇಟ್ಟುಕೊಂಡು ಕೊಡಿ.